ಡೀಸೆಲ್ ಎಂಜಿನ್ನಿನ ಕಾರ್ಯದಕ್ಷತೆಯನ್ನು ಲೆಕ್ಕ ಹಾಕುವ ಬಗೆ

ಬಾವಿ, ಕೆರೆ, ಹಳ್ಳಗಳಿಂದ ನೀರೆತ್ತುವುದಕ್ಕೂ, ವಿದ್ಯುಚ್ಛಕ್ತಿಯು ನಿಂತುಹೋದಾಗ ಗಿರಣಿಯನ್ನು ನಡೆಸುವುದಕ್ಕೂ ಡೀಸೆಲ್ ಎಂಜಿನ್ನನ್ನು ಇಟ್ಟುಕೊಂಡಿರುವ ಜಮೀನುದಾರರು ನಮ್ಮಲ್ಲಿ ಅನೇಕರಿದ್ದಾರೆ. ಇವರನ್ನು ಎಂಜಿನ್ನಿನ ಬೆಲೆಯೆಷ್ಟೆಂದು ಕೇಳಿದರೆ ಕೂಡಲೇ ಹೇಳುವರು. ಅದು ಗಂಟೆಗೆ ಎಷ್ಟು ಎಣ್ಣೆಯನ್ನು ಉರಿಸಿ ಎಷ್ಟು ನೀರನ್ನು ಎತ್ತುವುದೆಂದು ಕೇಳಿದರೆ, ಅಳೆದು ನೋಡಿ ಉತ್ತರ ಕೊಡಬಲ್ಲವರು ಕೆಲವರು ಮಾತ್ರ. “ನಮ್ಮ ಎಂಜಿನ್ನು ಎಣ್ಣೆಯನ್ನು ಕುಡಿಯುತ್ತದೆ” ಎಂಬ ದೂರು ಎಲ್ಲ ಕಡೆಯೂ ಕೇಳಿಬರುವುದಷ್ಟೆ. ಈ ದೂರಿನ ನಿಜಾಂಶವನ್ನು ವಿಚಾರಿಸದೆ, ಚೆನ್ನಾಗಿರುವ ಎಂಜಿನ್ನನ್ನು ಸಿಕ್ಕಿದ ಬೆಲೆಗೆ ಮಾರಿ, ಸಾಲ ಮಾಡಿ ಹೊಸದೊಂದನ್ನು ತಂದು, ಮರುವರ್ಷದ ಬೇಸಗೆಯಲ್ಲಿಯೂ ಹಿಂದಿನಷ್ಟೇ ಎಣ್ಣೆಯನ್ನು ಕೊಳ್ಳುವವರೂ ಉಂಟು. ದೋಷವು ಎಂಜಿನ್ನಿನಲ್ಲಿದೆಯೋ, ಪಂಪಿನಲ್ಲಿದೆಯೋ, ಕೊಳವೆಯಲ್ಲಿದೆಯೋ ಎಂಬುದನ್ನು ಒಂದು ಅಳತೆಯ ಪಾತ್ರೆ, ಒಂದು ಗಡಿಯಾರ, ಒಂದು ಡ್ರಮ್ಮು ಇವುಗಳ ಸಹಾಯದಿಂದ ಒಂದೇ ದಿನದಲ್ಲಿ ನಿರ್ಧರಿಸಬಹುದು. ಆ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ದಕ್ಷತೆ ಎಂದರೇನು?

ಯಂತ್ರಕ್ಕೆ ನಾವು ಕೊಟ್ಟ ಶಕ್ತಿಯಲ್ಲಿ ನಮ್ಮ ಕೆಲಸಕ್ಕೆ ಹಿಂದಿರುಗಿ ಬಂದ ಭಾಗವೇ ಅದರ ದಕ್ಷತೆ. ಕೊಟ್ಟದ್ದು ನೂರು ಪಾಲಾಗಿ, ಬಂದದ್ದು ಮೂವತ್ತು ಪಾಲಾದರೆ ದಕ್ಷತೆಯು ನೂರಕ್ಕೆ ೩೦. ಬಿತ್ತಿದ ಕಾಳಿಗೂ ಕಣಕ್ಕೆ ಬಂದ ಕಾಳಿಗೂ ಇರುವ ಸಂಬಂಧವನ್ನು ಒಕ್ಕಲಿಗನು ಬಲ್ಲನು. ಆದರೆ ಯಂತ್ರದಲ್ಲಿ ಬಿತ್ತಿದ್ದಕ್ಕಿಂತ ಹೆಚ್ಚು ಎಂದಿಗೂ ಬಾರದು. ಎಷ್ಟು ಕಡಿಮೆ ಬಂದಿತೆಂಬುದನ್ನೇ ನೋಡಬೇಕು.

ಎಣ್ಣೆಯ ಶಕ್ತಿಯನ್ನು ಅದು ಉರಿದಾಗ ಹುಟ್ಟುವ ಶಾಖದಿಂದ ಅಳೆಯುವರು. ಒಂದು ಕಿಲೋಗ್ರಾಂ ಡೀಸೆಲ್ ಎಣ್ಣೆಯು ಉರಿದರೆ ಸುಮಾರು ೧೦,೨೦೦ ಕಿಲೋಕ್ಯಾಲೊರಿ ಶಾಖವು ಹುಟ್ಟುತ್ತದೆ. ಒಂದು ಲೀಟರು ಎಣ್ಣೆಯ ತೂಕವು ಸುಮಾರು ೦.೮೩ ಕಿಲೋಗ್ರಾಂ. ಆದುದರಿಂದ ಒಂದು ಲೀಟರಿನಲ್ಲಿ ಅಡಗಿರುವ ಶಾಖವು ೮,೪೬೬ ಕಿಲೋಕ್ಯಾಲೊರಿ. ವಿದ್ಯುಚ್ಛಕ್ತಿಯ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು, ಎಂದರೆ ಒಂದು ಕಿಲೋವ್ಯಾಟ್-ಗಂಟೆಯು, ೮೬೦ ಕಿಲೋಕ್ಯಾಲೊರಿಗೆ ಸಮ. ಈ ಲೆಕ್ಕದಿಂದ ಒಂದು ಲೀಟರು ಎಣ್ಣೆಯಲ್ಲಿ ೯.೮೪ ಯೂನಿಟ್ಟಿನಷ್ಟು ಶಕ್ತಿಯಿದೆ. ಬಾಯಿಲೆಕ್ಕಕ್ಕೆ ಲೀಟರಿಗೆ ಹತ್ತು ಯೂನಿಟ್ಟೆಂದು ಇಟ್ಟುಕೊಂಡರೂ ಬಾಧಕವಿಲ್ಲ.

ಎಂಜಿನ್ನಿನ ಪರೀಕ್ಷೆ

ಎಂಜಿನ್ನಿನ ಅಚ್ಚಿನಿಂದ ಹೊರಬೀಳುವ ಬಲವನ್ನು ಕಾರ್ಯಾಗಾರಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ತಡೆಚಕ್ರದಿಂದ ಅಳೆಯುವರು. ಚಕ್ರಕ್ಕೆ ಹಗ್ಗವನ್ನು ಸುತ್ತಿ, ಒಂದು ತುದಿಗೆ ತೂಕದ ಕಲ್ಲುಗಳನ್ನೂ ಮತ್ತೊಂದು ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನೂ ಕಟ್ಟಿ, ತೂಕದಿಂದ ತಕ್ಕಡಿಯು ತೋರಿಸುವುದನ್ನು ಕಳೆದರೆ ಚಕ್ರವು ತಳ್ಳುತ್ತಿರುವ ನಿಜವಾದ ಹೊರೆಯು ದೊರೆಯುತ್ತದೆ. ಚಕ್ರವು ಬಹಳ ಕಾಯುವುದರಿಂದ ಅದಕ್ಕೆ ನೀರನ್ನು ಹಾಯಿಸುತ್ತಿರಬೇಕು; ಅಭ್ಯಾಸವಿಲ್ಲದವರು ಇದನ್ನು ತೋಟದಲ್ಲಿ ಮಾಡತಕ್ಕದ್ದಲ್ಲ. ಲೆಕ್ಕವನ್ನು ಮಾತ್ರ ಎಲ್ಲರೂ ತಿಳಿದಿರುವುದು ಒಳ್ಳೆಯದು.

೫ ಅಶ್ವಶಕ್ತಿಯ ಒಂದು ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ನಿಮಿಷಕ್ಕೆ ೧,೫೦೦ ಸುತ್ತು ತಿರುಗುತ್ತಿದೆ. ನಿಜವಾದ ಹೊರೆಯು ೧೨ ಕಿಲೋಗ್ರಾಂ. ಚಕ್ರದ ನಡುವಿನಿಂದ ಹಗ್ಗದ ನಡುವಿಗೆ ಇರುವ ದೂರವು ೦.೨ ಮೀಟರು. ಹೊರೆಯನ್ನು ದೂರದಿಂದ ಗುಣಿಸಿದರೆ ೨.೪, ಇದು ತಿರುಗುಬಲ. ಒಂದು ಸುತ್ತಿನ ದಾರಿಗಾಗಿ ಇದನ್ನು ೬.೨೮ರಿಂದಲೂ, ಸುತ್ತುಗಳಿಗಾಗಿ ೧,೫೦೦ರಿಂದಲೂ ಗುಣಿಸಿ, ಬಂದುದನ್ನು ೪,೫೦೦ರಿಂದ ಭಾಗಿಸಬೇಕು. ಒಂದು ಅಶ್ವಶಕ್ತಿಯೆಂದರೆ ೭೫ ಕಿಲೋಗ್ರಾಂ ತೂಕವನ್ನು ಸೆಕೆಂಡಿಗೆ ಒಂದು ಮೀಟರು ಎತ್ತುವ ಬಲ. ನಿಮಿಷಕ್ಕೆ ಅದು ೪,೫೦೦ ಆಗುವುದರಿಂದಲೇ ಈ ಭಾಗಾಕಾರ. ಉತ್ತರವು ೫.೦೨ ಅಶ್ವಶಕ್ತಿ, ಅಥವಾ ೩.೭೦ ಕಿಲೋವ್ಯಾಟು.

ಇದೇ ಸಮಯದಲ್ಲಿ ಎಂಜಿನ್ನು ೧೦೦ ಮಿಲಿಲೀಟರು ಎಣ್ಣೆಯನ್ನು ೩೨೦ ಸೆಕೆಂಡುಗಳಲ್ಲಿ ಉರಿಸಿತೆಂದು ಭಾವಿಸಿ. ಹಾಗಾದರೆ ಗಂಟೆಗೆ ೧.೧೨೫ ಲೀಟರು, ತೂಕದಲ್ಲಿ ೯೩೪ ಗ್ರಾಂ. ಇದನ್ನು ೩.೭೦ರಿಂದ ಭಾಗಿಸಿದರೆ ಯೂನಿಟ್ಟೊಂದಕ್ಕೆ ೨೫೨ ಗ್ರಾಂ ಎಣ್ಣೆಯಾಯಿತು. ಎಂಜಿನ್ನುಗಳ ವಿವರಪತ್ರದಲ್ಲಿ ತಯಾರಕರು ಬರೆಯುವ ಇಂಧನವ್ಯಯವು ಇದೇ. ಇನ್ನು ದಕ್ಷತೆ: ಒಳಗೆ ಹೋದದ್ದು ೧.೧೨೫ನ್ನು ೯.೮೪ರಿಂದ ಗುಣಿಸಿದರೆ ೧೧.೦೭, ಹೊರಗೆ ಬಂದದ್ದು ೩.೭೦. ಆದುದರಿಂದ ದಕ್ಷತೆಯು ನೂರಕ್ಕೆ ೩೩.೪. ಸಣ್ಣ ಎಂಜಿನ್ನಿಗೆ ಇದು ಒಳ್ಳೆಯ ದಕ್ಷತೆಯೇ ಸರಿ.

ಈ ಬಗೆಯ ಎಂಜಿನ್ನನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲನ ಯಂತ್ರವನ್ನು ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರನು ಪರೀಕ್ಷಿಸಿದಾಗ ನೂರಕ್ಕೆ ೨೬.೨ರ ದಕ್ಷತೆಯು ಕಂಡುಬಂದಿತು. ಆ ಕಾಲದ ಸಾಮಾನ್ಯ ಹಬೆಯಂತ್ರಗಳಲ್ಲಿ ಅದರ ಅರ್ಧದಷ್ಟೂ ದೊರೆಯುತ್ತಿರಲಿಲ್ಲ. ಇಂದು ಹಡಗುಗಳಲ್ಲಿರುವ ಬಹು ದೊಡ್ಡ, ನಿಧಾನಗತಿಯ ಡೀಸೆಲ್ ಯಂತ್ರಗಳು ನೂರಕ್ಕೆ ೫೦ನ್ನು ಮುಟ್ಟಿವೆ. ೧೯೯೦ರ ದಶಕದಲ್ಲಿ ಯಲಹಂಕದಲ್ಲಿ ಸ್ಥಾಪಿತವಾದ ಡೀಸೆಲ್ ವಿದ್ಯುದಾಗಾರದಲ್ಲಿ ಒಂದೊಂದು ೨೧ ಮೆಗಾವ್ಯಾಟಿಗೆ ಮೀರಿದ ಆರು ಯಂತ್ರಗಳಿದ್ದವು. ಅಷ್ಟು ದೊಡ್ಡ ಯಂತ್ರಕ್ಕೂ ತೋಟದ ಮೂಲೆಯಲ್ಲಿರುವ ಸಣ್ಣ ಎಂಜಿನ್ನಿಗೂ ಲೆಕ್ಕದ ರೀತಿಯು ಒಂದೇ.

ಉಳಿದ ಶಾಖವು ಎಲ್ಲಿಗೆ ಹೋಯಿತು?

ನೂರರಲ್ಲಿ ೩೩ ಪಾಲು ಅಚ್ಚಿಗೆ ಬಂದರೆ ಉಳಿದ ೬೭ ಪಾಲು ಎಲ್ಲಿ? ಎಂಜಿನ್ನನ್ನು ತಂಪುಮಾಡುವ ನೀರನ್ನು ಅಳೆದರೆ ಅರ್ಧ ಉತ್ತರವು ದೊರೆಯುತ್ತದೆ. ಮೇಲ್ಕಂಡ ಎಂಜಿನ್ನಿನ ಮೂಲಕ ಗಂಟೆಗೆ ೯೦ ಲೀಟರು ನೀರು ಹರಿದು, ಒಳಗೆ ಹೋಗುವಾಗ ೨೮ ಡಿಗ್ರಿ ಸೆಂಟಿಗ್ರೇಡೂ ಹೊರಗೆ ಬರುವಾಗ ೫೮ ಡಿಗ್ರಿಯೂ ಇದ್ದರೆ, ನೀರು ಹೊತ್ತುಕೊಂಡು ಹೋದ ಶಾಖವು ೯೦ನ್ನು ೩೦ರಿಂದ ಗುಣಿಸಿದಷ್ಟು, ಎಂದರೆ ೨,೭೦೦ ಕಿಲೋಕ್ಯಾಲೊರಿ. ಗಂಟೆಗೆ ಉರಿದ ಎಣ್ಣೆಯ ಶಾಖವು ಸುಮಾರು ೯,೫೨೪. ಹೀಗಾಗಿ ನೀರಿನ ಪಾಲು ನೂರಕ್ಕೆ ೨೮. ಉಳಿದ ೩೮ ಪಾಲಿನಲ್ಲಿ ಬಹುಭಾಗವು ಹೊಗೆಕೊಳವೆಯಿಂದಲೂ, ಸ್ವಲ್ಪವು ಎಂಜಿನ್ನಿನ ಮೈಯಿಂದಲೂ ಗಾಳಿಗೆ ಸೇರುತ್ತದೆ.

ಈ ನಷ್ಟವನ್ನು ಪೂರ್ತಿಯಾಗಿ ತಪ್ಪಿಸುವುದು ಯಾರಿಂದಲೂ ಆಗದು. ಅದು ಶಾಖದಿಂದ ನಡೆಯುವ ಎಲ್ಲ ಯಂತ್ರಗಳ ಸ್ವಭಾವ. ಆದರೂ ಒಂದು ತಪ್ಪನ್ನು ನಾವೇ ಮಾಡುತ್ತೇವೆ. ಪಂಪಿನಿಂದ ಬರುವ ತಣ್ಣೀರನ್ನು ಧಾರಾಳವಾಗಿ ಎಂಜಿನ್ನಿನೊಳಗೆ ಹಾಯಿಸಿ, ಅದು ತಣ್ಣಗಿದ್ದಷ್ಟೂ ಒಳ್ಳೆಯದೆಂದು ತಿಳಿಯುವುದುಂಟು. ಇದು ಸರಿಯಲ್ಲ. ಸಿಲಿಂಡರು ತಣ್ಣಗಿದ್ದರೆ ಎಣ್ಣೆಯು ಪೂರ್ತಿ ಉರಿಯದೆ, ಒಳಭಾಗವೂ ಬೇಗ ಸವೆಯುತ್ತದೆ. ಹೊರಬರುವ ನೀರು ಕೈಯಿಟ್ಟರೆ ತಾಳಲಾರದಷ್ಟು, ಸುಮಾರು ೬೦ ಡಿಗ್ರಿ, ಬಿಸಿಯಾಗಿರುವಂತೆ ತಣ್ಣೀರಿನ ಹರಿವನ್ನು ಕಡಿಮೆ ಮಾಡತಕ್ಕದ್ದು.

ಹೊರೆಗೆ ತಕ್ಕ ಎಂಜಿನ್ನು

ಎಂಜಿನ್ನಿನ ದಕ್ಷತೆಯು ಯಾವಾಗಲೂ ಒಂದೇ ಸಮನಾಗಿರುವುದಿಲ್ಲವೆಂಬುದನ್ನು ಜಮೀನುದಾರರು ಮುಖ್ಯವಾಗಿ ಗಮನಿಸತಕ್ಕದ್ದು. ಅದೇ ೫ ಅಶ್ವಶಕ್ತಿಯ ಎಂಜಿನ್ನು ಹೊರೆಯಿಲ್ಲದೆ ಸುಮ್ಮನೆ ತಿರುಗುವುದಕ್ಕೆ ಗಂಟೆಗೆ ೦.೩೩ ಲೀಟರು ಎಣ್ಣೆಯನ್ನು ತೆಗೆದುಕೊಳ್ಳುವುದೆಂದು ಭಾವಿಸಿ. ಬೇರೆ ಬೇರೆ ಹೊರೆಗಳಲ್ಲಿ ಅದರ ನಡತೆಯು ಹೀಗಿರುತ್ತದೆ:

ಹೊರೆಯಿಲ್ಲದಾಗ: ಗಂಟೆಗೆ ೦.೩೩ ಲೀಟರು, ದಕ್ಷತೆ ಸೊನ್ನೆ.
ಕಾಲು ಹೊರೆ: ಗಂಟೆಗೆ ೦.೫೩ ಲೀಟರು, ದಕ್ಷತೆ ನೂರಕ್ಕೆ ೧೮.
ಅರ್ಧ ಹೊರೆ: ಗಂಟೆಗೆ ೦.೭೩ ಲೀಟರು, ದಕ್ಷತೆ ನೂರಕ್ಕೆ ೨೬.
ಮುಕ್ಕಾಲು ಹೊರೆ: ಗಂಟೆಗೆ ೦.೯೩ ಲೀಟರು; ದಕ್ಷತೆ ನೂರಕ್ಕೆ ೩೦.
ಪೂರ್ಣ ಹೊರೆ: ಗಂಟೆಗೆ ೧.೧೨೫ ಲೀಟರು, ದಕ್ಷತೆ ನೂರಕ್ಕೆ ೩೩.

ಹೊರೆಯು ಕಾಲುಭಾಗಕ್ಕೆ ಇಳಿದರೂ ಎಣ್ಣೆಯು ಸುಮಾರು ಅರ್ಧಕ್ಕೆ ಮಾತ್ರ ಇಳಿಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಿಸ್ಟನ್ನು, ಬೇರಿಂಗು ಮೊದಲಾದವುಗಳ ತಿಕ್ಕಾಟವನ್ನು ಮೀರುವುದಕ್ಕೆ ಬೇಕಾದ ಎಣ್ಣೆಯು ಹೊರೆಯಿದ್ದರೂ ಇಲ್ಲದಿದ್ದರೂ ಖರ್ಚಾಗುವುದೇ ಇದಕ್ಕೆ ಕಾರಣ. ಈ ತಿಕ್ಕಾಟವನ್ನೂ ಲೆಕ್ಕ ಹಾಕಬಹುದು. ಪೂರ್ಣ ಹೊರೆಯ ೧.೧೨೫ರಿಂದ ೦.೩೩ನ್ನು ಕಳೆದರೆ ೦.೭೯೫, ಇದನ್ನು ೩.೭೦ರಿಂದ ಭಾಗಿಸಿದರೆ ಕಿಲೋವ್ಯಾಟೊಂದಕ್ಕೆ ೦.೨೧೫ ಲೀಟರು. ಇದರಿಂದ ೦.೩೩ನ್ನು ಭಾಗಿಸಿದರೆ ೧.೫೩ ಕಿಲೋವ್ಯಾಟು ಬರುತ್ತದೆ. ತಿಕ್ಕಾಟವು ನುಂಗುವ ಬಲವು ಇದು. ಎಂಜಿನ್ನು ಹಳೆಯದಾಗಿ ಬಿಗಿದುಕೊಂಡರೆ ಅಥವಾ ಕೀಲೆಣ್ಣೆಯು ಕೆಟ್ಟಿದ್ದರೆ ಈ ಅಂಕಿಯು ಏರುತ್ತದೆ.

“ದೊಡ್ಡದಿದ್ದರೆ ಎಂದಿಗಾದರೂ ಉಪಯೋಗಕ್ಕೆ ಬರುತ್ತದೆ” ಎಂದು ೨ ಅಶ್ವಶಕ್ತಿಯ ಕೆಲಸಕ್ಕೆ ೮ ಅಶ್ವಶಕ್ತಿಯ ಎಂಜಿನ್ನನ್ನು ಕೊಳ್ಳುವವರು ಪ್ರತಿ ಗಂಟೆಯೂ ದಂಡ ತೆರುತ್ತಾರೆ. ಬಹಳ ಚಿಕ್ಕದೂ ಆಗಬಾರದು. ಮಿತಿಮೀರಿದ ಹೊರೆಯಿಂದ ಕಪ್ಪು ಹೊಗೆಯೆದ್ದು ಎಣ್ಣೆಯೂ ಎಂಜಿನ್ನೂ ಹಾಳಾಗುತ್ತವೆ. ನಿತ್ಯದ ಕೆಲಸವು ಎಂಜಿನ್ನಿನ ಬಲದ ಮುಕ್ಕಾಲು ಪಾಲಿಗೆ ಸ್ವಲ್ಪ ಮೇಲಿರುವಂತೆ ಆರಿಸಿಕೊಳ್ಳುವುದು ಯುಕ್ತ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಪ್ರದೇಶಗಳಲ್ಲಿ ಗಾಳಿಯು ತೆಳುವಾಗಿರುವುದರಿಂದ, ಸಾಮಾನ್ಯ ಎಂಜಿನ್ನುಗಳ ಬಲವು ಪ್ರತಿ ೩೦೦ ಮೀಟರಿಗೆ ನೂರಕ್ಕೆ ಸುಮಾರು ಮೂರರಂತೆ ಕುಗ್ಗುವುದನ್ನೂ ನೆನಪಿನಲ್ಲಿಡಬೇಕು.

ತೋಟದಲ್ಲಿ ಮಾಡತಕ್ಕ ಪರೀಕ್ಷೆ

ಇನ್ನು ಜಮೀನುದಾರರು ತಾವೇ ಮಾಡಬಹುದಾದ ಪರೀಕ್ಷೆ. ಎಂಜಿನ್ನನ್ನು ಅರ್ಧ ಗಂಟೆ ನಡೆಸಿ ಬಿಸಿಮಾಡಿ, ನಿಲ್ಲಿಸಿ, ಟ್ಯಾಂಕಿನಲ್ಲಿ ಗುರುತು ಮಾಡಿದ ಮಟ್ಟಕ್ಕೆ ಎಣ್ಣೆಯನ್ನು ತುಂಬತಕ್ಕದ್ದು. ತರುವಾಯ ಸರಿಯಾಗಿ ಒಂದು ಗಂಟೆ ಪಂಪನ್ನು ನಡೆಸಿ, ಪುನಃ ಅದೇ ಮಟ್ಟಕ್ಕೆ ತುಂಬಲು ಎಷ್ಟು ಬೇಕಾಯಿತೆಂದು ಮಿಲಿಲೀಟರಿನ ಗುರುತುಗಳಿರುವ ಪಾತ್ರೆಯಿಂದ ಅಳೆಯಬೇಕು. ಈ ಗಂಟೆಯ ನಡುವೆ ೨೦೦ ಲೀಟರಿನ ಡ್ರಮ್ಮು ಎಷ್ಟು ಸೆಕೆಂಡುಗಳಲ್ಲಿ ತುಂಬುವುದೆಂದು ಮೂರು ಬಾರಿ ನೋಡಿ ಸರಾಸರಿ ತೆಗೆಯಬೇಕು. ಪಂಪು ನಡೆಯುತ್ತಿರುವಾಗಲೇ ಬಾವಿಯ ನೀರಿನ ಮಟ್ಟದಿಂದ ನೀರು ಬೀಳುವ ಬಾಯಿಯವರೆಗೆ ಎತ್ತರವನ್ನು ಹಗ್ಗದಿಂದ ಅಳೆಯಬೇಕು. ಬೇರೊಂದು ದಿನ ಬೆಲ್ಟನ್ನು ಕಳಚಿ, ಹೊರೆಯಿಲ್ಲದೆ ಗಂಟೆಗೆ ಎಷ್ಟು ಎಣ್ಣೆ ಬೇಕೆಂಬುದನ್ನೂ ನೋಡಬೇಕು. ಬೆಲ್ಟನ್ನು ಮುಟ್ಟುವ ಮೊದಲು ಎಂಜಿನ್ನು ಪೂರ್ತಿ ನಿಂತಿರಬೇಕು; ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಎಂದಿಗೂ ನಡೆಸಬಾರದು.

ಮೇಲ್ಕಂಡ ಎಂಜಿನ್ನನ್ನೇ ಒಂದು ತೋಟದಲ್ಲಿ ಇಟ್ಟಿದೆಯೆಂದು ಭಾವಿಸೋಣ. ಗಂಟೆಗೆ ೦.೯ ಲೀಟರು ಎಣ್ಣೆ. ಡ್ರಮ್ಮು ತುಂಬಲು ೨೫ ಸೆಕೆಂಡು, ಎಂದರೆ ಸೆಕೆಂಡಿಗೆ ೮ ಲೀಟರು ನೀರು. ಎತ್ತರ ೧೦ ಮೀಟರು. ನೀರಿಗೆ ಸೇರಿದ ಬಲವು ೮ನ್ನು ೧೦ರಿಂದಲೂ ೯.೮೧ರಿಂದಲೂ ಗುಣಿಸಿ ಸಾವಿರದಿಂದ ಭಾಗಿಸಿದಷ್ಟು, ಎಂದರೆ ೦.೭೮೫ ಕಿಲೋವ್ಯಾಟು. ಎಣ್ಣೆಯಿಂದ ಬಂದದ್ದು ೦.೯ನ್ನು ೯.೮೪ರಿಂದ ಗುಣಿಸಿದಷ್ಟು, ಎಂದರೆ ೮.೮೬. ಒಟ್ಟು ದಕ್ಷತೆಯು ನೂರಕ್ಕೆ ೯ ಮಾತ್ರ!

ಇದನ್ನು ಕಂಡ ಕೂಡಲೇ ಎಂಜಿನ್ನನ್ನು ನಿಂದಿಸಬಾರದು. ೦.೯ರಿಂದ ಹೊರೆಯಿಲ್ಲದ ೦.೩೩ನ್ನು ಕಳೆದು, ಉಳಿದ ೦.೫೭ನ್ನು ೦.೨೧೫ರಿಂದ ಭಾಗಿಸಿದರೆ, ಎಂಜಿನ್ನು ಅಚ್ಚಿಗೆ ೨.೬೫ ಕಿಲೋವ್ಯಾಟು ಒದಗಿಸುತ್ತಿರುವುದು ತಿಳಿಯುತ್ತದೆ. ಅದರ ದಕ್ಷತೆಯು ನೂರಕ್ಕೆ ೩೦. ಎಣ್ಣೆಗೆ ಕೊಟ್ಟ ಪ್ರತಿ ರೂಪಾಯಿಯಲ್ಲಿ ೭೦ ಪೈಸೆಯು ಎಂಜಿನ್ನಿನಲ್ಲಿ ಕಳೆಯಿತು. ಅದರ ಬಹುಭಾಗವು ಯಾರಿಂದಲೂ ತಪ್ಪಿಸಲಾಗದ್ದು. ೯ ಪೈಸೆಯು ನೀರಿಗೆ ಸೇರಿತು. ನಡುವೆ ಉಳಿದ ೨೧ ಪೈಸೆಯು ಬೆಲ್ಟು, ಪಂಪು, ಕೊಳವೆ, ಫುಟ್‌ವಾಲ್ವುಗಳ ಪಾಲಾಯಿತು. ನಮ್ಮ ಕೈಯಲ್ಲಿರುವುದು ಈ ೨೧ ಪೈಸೆ.

ನಡುವಿನ ನಷ್ಟವನ್ನು ತಗ್ಗಿಸುವ ಬಗೆ

ಸಡಿಲವಾದ ಅಥವಾ ಓರೆಯಾದ ಬೆಲ್ಟು ಜಾರಿ ಹತ್ತರಲ್ಲೊಂದು ಪಾಲನ್ನು ಕಳೆಯಿತೆಂದೂ, ಈ ಎತ್ತರಕ್ಕೆ ಹೊಂದದ ಪಂಪು ತನಗೆ ಬಂದುದರಲ್ಲಿ ಅರ್ಧವನ್ನು ಕಳೆಯಿತೆಂದೂ ಇಟ್ಟುಕೊಳ್ಳೋಣ. ಆಗಲೂ ಉಳಿದ ಬಲವು ನೀರನ್ನು ೧೫ ಮೀಟರಿಗೆ ಎತ್ತಲು ಸಾಕು; ಆದರೆ ಎತ್ತಿದ್ದು ೧೦ ಮೀಟರು ಮಾತ್ರ. ಮಿಕ್ಕ ೫ ಮೀಟರು ಕಿರಿದಾದ ಕೊಳವೆಯಲ್ಲಿ, ಹಲವು ಬೆಂಡುಗಳಲ್ಲಿ, ಕಸ ತುಂಬಿದ ಫುಟ್‌ವಾಲ್ವಿನಲ್ಲಿ ಮಾಯವಾಯಿತು. ನೀರಿನ ಹರಿವು ಅಷ್ಟೇ ಇರುವಾಗ ೭೫ ಮಿಲಿಮೀಟರಿನ ಕೊಳವೆಗೆ ಬದಲಾಗಿ ೧೦೦ ಮಿಲಿಮೀಟರಿನದನ್ನು ಹಾಕಿದರೆ ಕೊಳವೆಯ ತಿಕ್ಕಾಟದ ನಷ್ಟವು ಸುಮಾರು ಕಾಲುಭಾಗಕ್ಕೆ ಇಳಿಯುವುದು.

ಹೀಗೆ ಅಗಲವಾದ ಕೊಳವೆ, ಸರಾಗವಾಗಿ ನೀರನ್ನು ಬಿಡುವ ಫುಟ್‌ವಾಲ್ವು, ಎಂಜಿನ್ನಿಗೆ ನೇರವಾಗಿ ಜೋಡಿಸಿದ, ನೂರಕ್ಕೆ ೬೦ರ ದಕ್ಷತೆಯುಳ್ಳ ಪಂಪು ಇವುಗಳನ್ನು ಒದಗಿಸಿ, ತಿಕ್ಕಾಟದ ನಷ್ಟವನ್ನು ಒಂದೂವರೆ ಮೀಟರಿಗೆ ಇಳಿಸಿದರೆ, ಅದೇ ೮ ಲೀಟರು ನೀರಿಗೆ ಎಂಜಿನ್ನು ಕೊಡಬೇಕಾದ ಬಲವು ೧.೫ ಕಿಲೋವ್ಯಾಟು ಮಾತ್ರ. ಎಣ್ಣೆಯು ಗಂಟೆಗೆ ೦.೬೫ ಲೀಟರಿಗೆ ಇಳಿಯುತ್ತದೆ. ಎಂಜಿನ್ನು ಅದೇ, ಬಾವಿಯೂ ಅದೇ. ಉಳಿತಾಯವು ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು. ಮುಂದೆ ಎಂದಾದರೂ ಎಂಜಿನ್ನನ್ನು ಬದಲಾಯಿಸುವ ಕಾಲ ಬಂದಾಗ, ಈ ಕೆಲಸಕ್ಕೆ ೩ ಅಶ್ವಶಕ್ತಿಯದೇ ಸಾಕೆಂಬುದೂ ಲೆಕ್ಕದಿಂದಲೇ ತಿಳಿಯುತ್ತದೆ. ಕೊಳವೆಯ ತಡೆಯು ಕಡಿಮೆಯಾದಾಗ ಪಂಪು ಅದೇ ವೇಗದಲ್ಲಿ ಹೆಚ್ಚು ನೀರನ್ನು ಕೊಡುವುದುಂಟು. ಆಗ ವೇಗವನ್ನು ಸ್ವಲ್ಪ ತಗ್ಗಿಸಬಹುದು, ಇಲ್ಲವೆ ನಡೆಸುವ ಗಂಟೆಗಳನ್ನು ಕಡಿಮೆ ಮಾಡಬಹುದು.

ಇದನ್ನು ಹೊಲದ ಲೆಕ್ಕಕ್ಕೆ ತರೋಣ. ಒಂದು ಎಕರೆಗೆ ೫ ಸೆಂಟಿಮೀಟರು ನೀರು ನಿಲ್ಲಿಸಲು ಸುಮಾರು ೨,೦೨,೦೦೦ ಲೀಟರು ಬೇಕು. ಮೊದಲು ಒಂದು ಲೀಟರು ಎಣ್ಣೆಗೆ ೩೨,೦೦೦ ಲೀಟರು ನೀರು ಬರುತ್ತಿದ್ದುದರಿಂದ ಎಕರೆಗೆ ೬.೩ ಲೀಟರು ಎಣ್ಣೆ ಬೇಕಾಗಿತ್ತು. ಈಗ ಲೀಟರಿಗೆ ೪೪,೦೦೦ ಲೀಟರಿನಷ್ಟು ನೀರು ಬರುವುದರಿಂದ ೪.೬ ಲೀಟರು ಸಾಕು. ಐದು ಎಕರೆಗೆ ಹತ್ತು ಬಾರಿ ನೀರು ಹಾಯಿಸುವವನಿಗೆ ಒಂದು ಬೆಳೆಯಲ್ಲಿ ೮೫ ಲೀಟರಿನಷ್ಟು ಎಣ್ಣೆ ಉಳಿಯಿತು. ಇದನ್ನು ಅಂದಿನ ಧಾರಣೆಯಿಂದ ಗುಣಿಸಿ, ಕೊಳವೆಗೂ ಪಂಪಿಗೂ ತಗಲುವ ವೆಚ್ಚದೊಡನೆ ಹೋಲಿಸಿ ನೋಡಿದರೆ, ಎಷ್ಟು ಬೆಳೆಗಳಲ್ಲಿ ಹಣವು ಹಿಂದಿರುಗುವುದೆಂದು ಪ್ರತಿಯೊಬ್ಬರೂ ತಾವೇ ನಿಶ್ಚಯಿಸಬಹುದು.

ಎಂಜಿನ್ನಿನಲ್ಲಿಯೇ ದೋಷವಿದ್ದರೆ

ಹೊರೆಯಿಲ್ಲದ ಎಣ್ಣೆಯ ಖರ್ಚು ಹೊಸದರಲ್ಲಿದ್ದುದಕ್ಕಿಂತ ಬಹಳ ಏರಿದ್ದರೆ ದೋಷವು ಎಂಜಿನ್ನಿನಲ್ಲಿದೆಯೆಂದು ಶಂಕಿಸಬಹುದು. ಹೊಗೆಯ ಬಣ್ಣವೂ ಅದನ್ನು ಹೇಳುತ್ತದೆ. ಕಪ್ಪು ಹೊಗೆಯು ಅತಿಹೊರೆ, ಕೆಟ್ಟ ಇಂಜೆಕ್ಟರು ಅಥವಾ ಧೂಳು ತುಂಬಿದ ಗಾಳಿಶೋಧಕದ ಗುರುತು. ನೀಲಿ ಹೊಗೆಯು ಕೀಲೆಣ್ಣೆಯು ಸಿಲಿಂಡರಿಗೆ ನುಗ್ಗಿ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆಯು ನಿಲ್ಲದಿದ್ದರೆ ಎಣ್ಣೆಯು ಉರಿಯದೆ ಹೋಗುತ್ತಿದೆ, ಇಲ್ಲವೆ ನೀರು ಒಳಗೆ ಸೇರುತ್ತಿದೆ. ಎಣ್ಣೆಯ ಕೊಳವೆಯ ಜೋಡಣೆಯಿಂದ ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ, ಮಿಲಿಲೀಟರಿಗೆ ಇಪ್ಪತ್ತು ಹನಿಯಂತೆ, ಎಂಟು ಗಂಟೆಗಳಲ್ಲಿ ೧.೪೪ ಲೀಟರು ಮಣ್ಣುಪಾಲಾಗುವುದು. ಇವು ಬಹುಮಟ್ಟಿಗೆ ಸಣ್ಣ ರಿಪೇರಿಯಿಂದ ಸರಿಹೋಗತಕ್ಕವು. ಹೊಸ ಎಂಜಿನ್ನನ್ನೇ ಕೊಳ್ಳಬೇಕಾಗಿ ಬಂದರೆ, ಬೇಸಾಯದ ಎಂಜಿನ್ನುಗಳಿಗಾಗಿ ಗೊತ್ತುಪಡಿಸಿರುವ ಐ. ಎಸ್. ೧೧೧೭೦ ಎಂಬ ಭಾರತೀಯ ಮಾನಕದ ಮುದ್ರೆಯಿದೆಯೇ ಎಂಬುದನ್ನೂ, ಯೂನಿಟ್ಟಿಗೆ ಎಷ್ಟು ಗ್ರಾಂ ಎಣ್ಣೆಯೆಂಬುದನ್ನೂ ಕೇಳಿ ತಿಳಿಯಬೇಕು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಅಳತೆಯ ಪಾತ್ರೆಯೊಂದನ್ನೂ ಡ್ರಮ್ಮೊಂದನ್ನೂ ಊರಿನಲ್ಲಿ ಒಂದು ಕಡೆ ಇರಿಸಿ, ಬೇಸಗೆಯ ನೀರಾವರಿಗೆ ಮುಂಚೆ ಒಂದೊಂದು ಎಂಜಿನ್ನನ್ನೂ ಪರೀಕ್ಷಿಸುವ ಏರ್ಪಾಡನ್ನು ಗ್ರಾಮದ ಮುಖಂಡರು ಮಾಡಿದರೆ ಬಹಳ ಉಪಕಾರವಾದೀತು. ಹೊರೆಯಿಲ್ಲದ ಖರ್ಚು, ಪಂಪು ನಡೆಸುವಾಗಿನ ಖರ್ಚು, ಸೆಕೆಂಡಿಗೆ ಬಂದ ನೀರು, ಎತ್ತರ ಎಂಬ ನಾಲ್ಕು ಅಂಕಿಗಳನ್ನು ಒಂದು ಪುಸ್ತಕದಲ್ಲಿ ವರ್ಷವರ್ಷವೂ ಬರೆದಿಡತಕ್ಕದ್ದು. ಮಾರನೆಯ ವರ್ಷದ ಅಂಕಿಯು ಹಿಂದಿನದರಿಂದ ಬದಲಾದರೆ ದೋಷವು ಎಲ್ಲಿ ಹುಟ್ಟಿತೆಂಬುದು ಪುಸ್ತಕದಿಂದಲೇ ಗೊತ್ತಾಗುವುದು. ಹೊಸ ಎಂಜಿನ್ನಿಗಾಗಿ ಸಾಲದ ಪತ್ರಕ್ಕೆ ರುಜು ಹಾಕುವ ಮೊದಲು ಈ ನಾಲ್ಕು ಅಂಕಿಗಳನ್ನು ಒಮ್ಮೆ ನೋಡಬೇಕೆಂದು ಸಣ್ಣ ಹಿಡುವಳಿದಾರರಿಗೆ ತಿಳಿಯಹೇಳುವುದು, ಊರಿಗೆ ಹಿರಿಯರಾದವರು ಮಾಡಬಹುದಾದ ಒಂದು ದೊಡ್ಡ ಸಹಾಯವು.